ಹುಲ್ಲಿನ ಹೊಲಕ್ಕೆ ತಕ್ಕ ಯಂತ್ರ: ಷಿಕಾಗೊ–ಡೆಟ್ರಾಯಿಟ್ ಸೀಮೆಯ ಒಂದು ಚರಿತ್ರೆ

‘ಗಾಳಿ ಬಂದಾಗ ತೂರಿಕೋ’ ಎಂಬುದು ನಮ್ಮ ನಾಡಿನ ರೈತನ ಮಾತು. ‘ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ’ ಎಂಬುದು ಇಂಗ್ಲಿಷ್ ಆಡುವ ರೈತನ ಮಾತು. ತಾತ್ಪರ್ಯ ಒಂದೇ ಆದರೂ ಮಾತು ಹುಟ್ಟಿದ ನೆಲ ಬೇರೆ. ಸುಗ್ಗಿಯ ನಂತರ ತಿಂಗಳುಗಟ್ಟಲೆ ಬಿಸಿಲು ಕಾಯುವ ನಮ್ಮ ಬಯಲುಸೀಮೆಯಲ್ಲಿ ಹುಲ್ಲು ಒಣಗುವುದು ಒಂದು ಸಮಸ್ಯೆಯೇ ಅಲ್ಲ. ಕಣದಲ್ಲಿ ಕಾಳನ್ನು ಹೊಟ್ಟಿನಿಂದ ಬೇರ್ಪಡಿಸುವ ಗಾಳಿಗಾಗಿ ರೈತ ಕಾದು ಕುಳಿತಿರುತ್ತಿದ್ದ. ಮಿಷಿಗನ್ನಿನಂಥ ಪ್ರದೇಶದಲ್ಲಾದರೋ ಜೂನ್ ತಿಂಗಳಲ್ಲಿಯೂ ಮೂರು ದಿನ ಎಡೆಬಿಡದೆ ಬಿಸಿಲು ಬಿದ್ದೀತೆಂಬ ಭರವಸೆಯಿಲ್ಲ. ಆ ಮೂರು ದಿನಗಳಲ್ಲಿ ಹುಲ್ಲನ್ನು ಕುಯ್ದು, ಒಣಗಿಸಿ, ಕಟ್ಟಿ, ಕೊಟ್ಟಿಗೆಯ ಅಟ್ಟಕ್ಕೆ ಸೇರಿಸದಿದ್ದರೆ ಆರು ತಿಂಗಳ ಹಿಮಗಾಲದಲ್ಲಿ ದನಕರುಗಳಿಗೆ ಮೇವಿಲ್ಲ. ಈ ದೇಶದ ರೈತ ಯಂತ್ರದ ಬೆನ್ನು ಹತ್ತಿದ್ದಕ್ಕೆ ಅವಸರದ ಆ ಮೂರು ದಿನಗಳೂ ಒಂದು ಮುಖ್ಯ ಕಾರಣ.

ವಿಶ್ವ ಕನ್ನಡ ಸಮ್ಮೇಳನಗಳಿಗೆ 2002ರಲ್ಲಿ ಡೆಟ್ರಾಯಿಟ್ ನಗರವೂ 2008ರಲ್ಲಿ ಷಿಕಾಗೊ ನಗರವೂ ಆತಿಥ್ಯ ನೀಡಿದವು. ಈ ಎರಡು ನಗರಗಳನ್ನು ನಾವು ಕಾರಿನ ಊರು, ಗಗನಚುಂಬಿಗಳ ಊರು ಎಂದು ಬಲ್ಲೆವು. ಆದರೆ ಹುಲ್ಲು ಕುಯ್ಯುವ, ಎಳೆಯುವ, ಕಟ್ಟುವ ಯಂತ್ರಗಳ ಇತಿಹಾಸದ ಬಹುಭಾಗ ಈ ಎರಡು ಊರುಗಳ ನಡುವೆಯೇ ನಡೆದುಹೋಗಿದೆ. ಸಣ್ಣ ರೈತನೊಬ್ಬ ತನ್ನ ಹುಲ್ಲಿನ ಹೊಲಕ್ಕೆ ಯಾವ ಟ್ರ್ಯಾಕ್ಟರನ್ನು, ಯಾವ ಬೇಲರನ್ನು ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಕೈದೀಪವಾಗಿ ಹಿಡಿದು ಆ ಇತಿಹಾಸವನ್ನು ನೋಡುವುದು ಈ ಲೇಖನದ ಉದ್ದೇಶ. ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಟ್ರ್ಯಾಕ್ಟರಿಗೆಂದು ಹಣ ಕಳುಹಿಸುವ ನಮ್ಮಂಥವರಿಗೆ ಇದು ಕೇವಲ ಕುತೂಹಲದ ವಿಷಯವಲ್ಲ.

ಕ್ಯಾಂಟನ್ ಎಂಬ ನೆಲ

ಡೆಟ್ರಾಯಿಟ್ ನಗರದ ಪಶ್ಚಿಮಕ್ಕೆ, ವೇಯ್ನ್ ಕೌಂಟಿಯ ಅಂಚಿನಲ್ಲಿರುವ ಕ್ಯಾಂಟನ್ ಟೌನ್‌ಷಿಪ್ ಇಂದು ಅನೇಕ ಕನ್ನಡ ಕುಟುಂಬಗಳ ನೆಲೆ. ಇಲ್ಲಿಯ ದೇವಸ್ಥಾನ, ಭಾರತೀಯ ಅಂಗಡಿಗಳು, ಸಾಲುಮನೆಗಳ ಬಡಾವಣೆಗಳನ್ನು ಕಂಡವರಿಗೆ ಇದು ಹಿಂದೆ ಹುಲ್ಲು, ಹಾಲು ಮತ್ತು ಜೋಳದ ಊರಾಗಿತ್ತೆಂದರೆ ನಂಬಿಕೆ ಬರುವುದು ಕಷ್ಟ. 1825ರಲ್ಲಿ ಈರಿ ಕಾಲುವೆ ತೆರೆದಾಗ ನ್ಯೂಯಾರ್ಕ್ ಪ್ರಾಂತದ ರೈತರು ತಂಡತಂಡವಾಗಿ ಮಿಷಿಗನ್ನಿಗೆ ವಲಸೆ ಬಂದರು. ಕ್ಯಾಂಟನ್ ಟೌನ್‌ಷಿಪ್ 1834ರಲ್ಲಿ ರೂಪುಗೊಂಡಿತು. ಚೀನಾದ ನಗರಗಳ ಹೆಸರುಗಳು ಆಗ ಇಲ್ಲಿ ಬಳಕೆಗೆ ಬಂದಿದ್ದವು. ನೆರೆಹೊರೆಯಲ್ಲಿ ನ್ಯಾನ್‌ಕಿನ್, ಪೀಕಿನ್ ಎಂಬ ಟೌನ್‌ಷಿಪ್‌ಗಳೂ ಇದ್ದವು. ಆ ಎರಡು ಹೆಸರುಗಳು ಕಾಲಕ್ರಮದಲ್ಲಿ ಅಳಿದವು, ಕ್ಯಾಂಟನ್ ಉಳಿಯಿತು.

ಆರು ಮೈಲಿ ಉದ್ದ, ಆರು ಮೈಲಿ ಅಗಲದ ಈ ಚೌಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಡೆಟ್ರಾಯಿಟ್ ನಗರಕ್ಕೆ ಹಾಲು ಒದಗಿಸುವ ಹೈನು ಮನೆಗಳಿದ್ದವು. ಅನಂತರ ಸಿಹಿ ಮೆಕ್ಕೆಜೋಳಕ್ಕೆ ಕ್ಯಾಂಟನ್ ರಾಜ್ಯದಲ್ಲೇ ಹೆಸರುವಾಸಿಯಾಯಿತು. 1970ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 11,000 ಮಂದಿ, 1980ಕ್ಕೆ 48,000 ದಾಟಿತು, 2020ರಲ್ಲಿ 98,659. ಹೊಲಗಳು ಹಿಂದೆ ಸರಿದಂತೆ ಮನೆಗಳು ಮುಂದೆ ಬಂದವು. ಆ ಮನೆಗಳಲ್ಲಿ ಕೆಲವು ನಮ್ಮವೂ ಹೌದು. ನಾವು ನಡೆಯುವ ನೆಲದ ಹಿಂದಿನ ಬೆಳೆಯನ್ನು ತಿಳಿಯುವುದು ನೆಲದ ಋಣದಲ್ಲಿ ಸೇರಿದ್ದು.

ಷಿಕಾಗೊ: ಕುಡುಗೋಲಿನಿಂದ ಕಾರ್ಖಾನೆಗೆ

ಸೈರಸ್ ಮ್ಯಾಕಾರ್ಮಿಕ್ ಎಂಬಾತ 1831ರಲ್ಲಿ ವರ್ಜೀನಿಯಾದಲ್ಲಿ ಕುದುರೆ ಎಳೆಯುವ ಕುಯ್ಲು ಯಂತ್ರವನ್ನು ನಡೆಸಿ ತೋರಿಸಿದನು. 1834ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ವರ್ಜೀನಿಯಾದ ಗುಡ್ಡಗಳಿಗಿಂತ ಮಧ್ಯ ಅಮೆರಿಕದ ಸಮತಟ್ಟಾದ ಬಯಲುಗಳೇ ತನ್ನ ಯಂತ್ರಕ್ಕೆ ತಕ್ಕ ನೆಲವೆಂದು ಅರಿತು 1847ರಲ್ಲಿ ಷಿಕಾಗೊಕ್ಕೆ ಬಂದು ಕಾರ್ಖಾನೆ ಕಟ್ಟಿದನು. ಯಂತ್ರಕ್ಕೆ ನೆಲ ಬೇಕು, ನೆಲಕ್ಕೆ ಯಂತ್ರ ಬೇಕು. ಎರಡೂ ಹೊಂದಿದಾಗ ಮಾತ್ರ ಫಲ ಎಂಬ ಪಾಠವನ್ನು ಯಂತ್ರ ಮಾರುವವನೇ ಮೊದಲು ಕಲಿತದ್ದು ಗಮನಾರ್ಹ.

ಆ ಕಾಲದ ನಗರಗಳು ಹುಲ್ಲಿನಿಂದ ನಡೆಯುತ್ತಿದ್ದವು. ಟ್ರಾಮು, ಸಾಮಾನಿನ ಬಂಡಿ, ಅಗ್ನಿಶಾಮಕ ಗಾಡಿ ಎಲ್ಲವನ್ನೂ ಕುದುರೆಯೇ ಎಳೆಯಬೇಕಾಗಿತ್ತು. ಇಂದು ಪೆಟ್ರೋಲ್ ಬಂಕುಗಳಿರುವಂತೆ ಆಗ ಹುಲ್ಲಿನ ಮಾರುಕಟ್ಟೆಗಳಿದ್ದವು. ಷಿಕಾಗೊದ ‘ಹೇಮಾರ್ಕೆಟ್’ ಎಂಬ ಹೆಸರಿನ ಅರ್ಥವೇ ಹುಲ್ಲಿನ ಸಂತೆ. 1886ರ ಮೇ 3ರಂದು ಮ್ಯಾಕಾರ್ಮಿಕ್ ಕಾರ್ಖಾನೆಯ ಬಳಿ ಮುಷ್ಕರನಿರತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದನ್ನು ಪ್ರತಿಭಟಿಸಲು ಮರುದಿನ ಸೇರಿದ ಸಭೆ ನಡೆದದ್ದು ಈ ಹುಲ್ಲಿನ ಸಂತೆಯ ಆವರಣದಲ್ಲಿ. ಅಲ್ಲಿ ಸಿಡಿದ ಬಾಂಬು, ಅನಂತರದ ವಿಚಾರಣೆ, ಗಲ್ಲುಶಿಕ್ಷೆಗಳು ಜಗತ್ತಿನ ಕಾರ್ಮಿಕ ಚರಿತ್ರೆಯ ಭಾಗವಾದವು. ಬೆಂಗಳೂರಿನಲ್ಲಿಯೂ ದಾವಣಗೆರೆಯಲ್ಲಿಯೂ ಮೇ ದಿನದಂದು ಕೆಂಪು ಬಾವುಟ ಹಿಡಿದವರ ನೆನಪಿನ ಮೂಲದಲ್ಲಿ ಒಂದು ಕುಯ್ಲು ಯಂತ್ರದ ಕಾರ್ಖಾನೆ ಮತ್ತು ಒಂದು ಹುಲ್ಲಿನ ಸಂತೆ ಇವೆ.

1902ರಲ್ಲಿ ಮ್ಯಾಕಾರ್ಮಿಕ್, ಡೀರಿಂಗ್ ಮೊದಲಾದ ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ದೊಡ್ಡ ಸಂಸ್ಥೆಯಾದವು. ಹುಲ್ಲಿನ ರೈತನಿಗೆ ಈ ಸಂಸ್ಥೆ ಮಾಡಿದ ಒಂದು ಉಪಕಾರ ಮುಖ್ಯವಾದುದು. ಎಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಉಪಕರಣಕ್ಕೆ ನೇರವಾಗಿ ಸಾಗಿಸುವ ತಿರುಗು ದಂಡವನ್ನು, ಅಂದರೆ ಇಂದು ನಮ್ಮ ಹಳ್ಳಿಗಳಲ್ಲಿಯೂ ‘ಪಿ.ಟಿ.ಓ.’ ಎಂದೇ ಕರೆಯುವುದನ್ನು, 1918ರಲ್ಲಿ ಅದು ತನ್ನ ‘8–16’ ಟ್ರ್ಯಾಕ್ಟರಿನೊಡನೆ ಮಾರಾಟಕ್ಕೆ ತಂದಿತು. ಅಲ್ಲಿಯವರೆಗೆ ಟ್ರ್ಯಾಕ್ಟರ್ ಎಂದರೆ ಎಳೆಯುವ ಕಬ್ಬಿಣದ ಎತ್ತು ಮಾತ್ರ. ಅಲ್ಲಿಂದ ಮುಂದೆ ಅದು ಎಳೆಯುತ್ತಲೇ ತಿರುಗಿಸಲೂ ಬಲ್ಲದಾಯಿತು. ಈ ತಿರುಗು ದಂಡವಿಲ್ಲದಿದ್ದರೆ ಇಂದಿನ ಹುಲ್ಲು ಕುಯ್ಯುವ ಯಂತ್ರವೂ ಇಲ್ಲ, ಬೇಲರೂ ಇಲ್ಲ.

ಡಿಯರ್‌ಬಾರ್ನ್: ರೈತನ ಮಗನ ಉತ್ತರ

ಕ್ಯಾಂಟನ್ನಿಗೆ ಸಮೀಪದ ಡಿಯರ್‌ಬಾರ್ನ್ ಸೀಮೆಯ ರೈತ ಕುಟುಂಬದಲ್ಲಿ 1863ರಲ್ಲಿ ಹೆನ್ರಿ ಫೋರ್ಡ್ ಜನಿಸಿದನು. ಹೊಲದ ದುಡಿಮೆಯ ಬವಣೆ ಅವನಿಗೆ ಬಾಲ್ಯದಿಂದಲೇ ಬೇಸರ ತಂದಿತ್ತು. ಹದಿಮೂರರ ವಯಸ್ಸಿನಲ್ಲಿ ರಸ್ತೆಯ ಮೇಲೆ ತನ್ನ ಶಕ್ತಿಯಿಂದಲೇ ಚಲಿಸುತ್ತಿದ್ದ ಉಗಿಯಂತ್ರವೊಂದನ್ನು ಕಂಡದ್ದು ಅವನ ಬದುಕಿನ ದಿಕ್ಕನ್ನೇ ಬದಲಿಸಿತು. ಕಾರಿನಿಂದ ಹೆಸರು ಮಾಡಿದ ಮೇಲೂ ನೇಗಿಲನ್ನು ಅವನು ಮರೆಯಲಿಲ್ಲ. 1917ರಲ್ಲಿ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರಿನ ತಯಾರಿಕೆ ಆರಂಭವಾಯಿತು. ಮಹಾಯುದ್ಧದ ಆಹಾರ ಸಂಕಟದಲ್ಲಿದ್ದ ಬ್ರಿಟನ್ ಮೊದಲ ದೊಡ್ಡ ಗಿರಾಕಿಯಾಯಿತು.

ಅನಂತರ ನಡೆದದ್ದು ಷಿಕಾಗೊ ಮತ್ತು ಡೆಟ್ರಾಯಿಟ್‌ಗಳ ನಡುವಿನ ಬೆಲೆಯ ಯುದ್ಧ. 1922ರಲ್ಲಿ ಫೋರ್ಡ್ ತನ್ನ ಟ್ರ್ಯಾಕ್ಟರಿನ ಬೆಲೆಯನ್ನು 395 ಡಾಲರಿಗೆ ಇಳಿಸಿದನು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತನ್ನ ಬೆಲೆಗಳನ್ನೂ ಇಳಿಸಿ, ಟ್ರ್ಯಾಕ್ಟರಿನೊಡನೆ ನೇಗಿಲನ್ನೂ ಕೊಡುಗೆಯಾಗಿ ಸೇರಿಸಿತು. ಆ ಸಂಸ್ಥೆ 1919ರಲ್ಲಿ ಕೊಂಡಿದ್ದ ನೇಗಿಲಿನ ಕಾರ್ಖಾನೆ ಇದ್ದದ್ದು ಇಲಿನಾಯ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಒಂದು ಕ್ಯಾಂಟನ್ ನೇಗಿಲು ಮಾಡುತ್ತಿತ್ತು, ಇನ್ನೊಂದು ಕ್ಯಾಂಟನ್ ಅಂಥ ನೇಗಿಲಿನಿಂದ ಉಳುತ್ತಿತ್ತು!

ಫೋರ್ಡ್‌ಸನ್ ಅಗ್ಗವಾಗಿತ್ತು, 1928ರ ವೇಳೆಗೆ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಆದರೆ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಅದು ಕೆರಳಿದ ಕುದುರೆಯಂತೆ ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಚಾಲಕನನ್ನೇ ಬಲಿ ತೆಗೆದುಕೊಳ್ಳುವ ಅಪಾಯವಿತ್ತು. ಷಿಕಾಗೊ ಸಂಸ್ಥೆ 1924ರಲ್ಲಿ ‘ಫಾರ್ಮಾಲ್’ ಎಂಬ ಟ್ರ್ಯಾಕ್ಟರನ್ನು ಹೊರತಂದಿತು. ಉಳುವುದು, ಸಾಲಿನ ನಡುವೆ ಕಳೆ ತೆಗೆಯುವುದು, ಹುಲ್ಲು ಕುಯ್ಯುವುದು ಎಲ್ಲಕ್ಕೂ ಒದಗುವ ಯಂತ್ರವದು. ಅಗ್ಗದ ಯಂತ್ರಕ್ಕಿಂತ ಹಲವು ಕೆಲಸಕ್ಕೆ ಒದಗುವ ಯಂತ್ರವೇ ರೈತನಿಗೆ ಲಾಭಕರವೆಂದು ಅದು ತೋರಿಸಿತು. 1928ರಲ್ಲಿ ಫೋರ್ಡ್ ಅಮೆರಿಕದಲ್ಲಿ ಟ್ರ್ಯಾಕ್ಟರ್ ತಯಾರಿಕೆಯನ್ನೇ ನಿಲ್ಲಿಸಿದನು.

ಇದರಲ್ಲಿ ಒಂದು ವಿಪರ್ಯಾಸವೂ ಅಡಗಿದೆ. 1915ರ ಸುಮಾರಿಗೆ ಈ ದೇಶದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಕುದುರೆ ಮತ್ತು ಹೇಸರಗತ್ತೆಗಳಿದ್ದವು. ಕಾರು ನಗರದ ಕುದುರೆಯನ್ನೂ ಟ್ರ್ಯಾಕ್ಟರು ಹೊಲದ ಕುದುರೆಯನ್ನೂ ನಿವೃತ್ತಿಗೊಳಿಸಿದಾಗ ಅವುಗಳ ಮೇವಿಗೆಂದು ಬೆಳೆಯುತ್ತಿದ್ದ ಹುಲ್ಲಿನ ಮಾರುಕಟ್ಟೆಯೂ ಕುಸಿಯಿತು. ಹುಲ್ಲು ಮಾರಿ ಟ್ರ್ಯಾಕ್ಟರು ಕೊಂಡ ರೈತ ತನ್ನ ಗಿರಾಕಿಯನ್ನೇ ಕಳೆದುಕೊಂಡಂತಾಯಿತು. ಉಳಿದದ್ದು ಹೈನಿನ ಹುಲ್ಲು. ಕ್ಯಾಂಟನ್ನಿನಂಥ ಹಾಲಿನ ಊರುಗಳು ಬದುಕಿದ್ದು ಅದರಿಂದ.

1938ರ ಶರತ್ಕಾಲದಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಡಿಯರ್‌ಬಾರ್ನ್‌ಗೆ ಬಂದು ತನ್ನ ಹೊಸ ಜೋಡಣೆಯನ್ನು ಫೋರ್ಡ್‌ಗೆ ತೋರಿಸಿದನು. ಮೂರು ಬಿಂದುಗಳಲ್ಲಿ ಉಪಕರಣವನ್ನು ಹಿಡಿದು ದ್ರವಶಕ್ತಿಯಿಂದ ಎತ್ತಿ ಇಳಿಸುವ ಆ ಏರ್ಪಾಡಿನಲ್ಲಿ ನೇಗಿಲಿನ ಎಳೆತವೇ ಹಿಂದಿನ ಗಾಲಿಗಳ ಮೇಲೆ ಭಾರವಾಗಿ ಬೀಳುತ್ತಿತ್ತು. ಹಗುರವಾದ ಟ್ರ್ಯಾಕ್ಟರು ಕೂಡ ಹಿಡಿತ ತಪ್ಪದೆ, ಮಗುಚದೆ ದುಡಿಯಬಹುದಾಯಿತು. ಇಬ್ಬರೂ ಕಾಗದಪತ್ರವಿಲ್ಲದೆ ಕೈಕುಲುಕಿ ಒಪ್ಪಂದ ಮಾಡಿಕೊಂಡರು. 1939ರಲ್ಲಿ ಬೂದು ಬಣ್ಣದ ‘9ಎನ್’ ಟ್ರ್ಯಾಕ್ಟರ್ ಬಂತು. 1947ರಲ್ಲಿ ಅದರ ಸುಧಾರಿತ ರೂಪವಾದ ‘8ಎನ್’. ಐವತ್ತು, ಎಂಬತ್ತು ಎಕರೆಯ ರೈತ ಕುದುರೆಗಳಿಂದ ನೇರವಾಗಿ ಟ್ರ್ಯಾಕ್ಟರಿಗೆ ದಾಟಿದ್ದು ಇಂಥ ಯಂತ್ರಗಳಿಂದಲೇ. ಆ ಕೈಕುಲುಕಿನ ಒಪ್ಪಂದ ಮಾತ್ರ ಬಾಳಲಿಲ್ಲ. ಫೋರ್ಡ್ ಮನೆತನದ ಮುಂದಿನ ತಲೆಮಾರು ಅದನ್ನು ಮುರಿದಾಗ ಫರ್ಗುಸನ್ 1948ರಲ್ಲಿ ಮೊಕದ್ದಮೆ ಹೂಡಿದನು, 1952ರಲ್ಲಿ ಅದು ರಾಜಿಯಾಯಿತು.

ಕ್ಯಾಂಟನ್ನಿನ ಚೆರಿ ಹಿಲ್ ಎಂಬ ಭಾಗದಲ್ಲಿ 1944ರಲ್ಲಿ ಫೋರ್ಡ್ ಒಂದು ಚಿಕ್ಕ ಕಾರ್ಖಾನೆಯನ್ನು ತೆರೆದು, ಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕರಿಗೆ ಅಲ್ಲಿ ಕೆಲಸ ಕೊಟ್ಟನು. ಹಳ್ಳಿಯ ಜನ ಒಂದು ಕಾಲನ್ನು ಹೊಲದಲ್ಲಿಯೂ ಇನ್ನೊಂದನ್ನು ಕಾರ್ಖಾನೆಯಲ್ಲಿಯೂ ಊರಿ ಬದುಕಬೇಕೆಂಬ ಅವನ ಗ್ರಾಮೋದ್ಯೋಗ ಯೋಜನೆಯ ಕೊನೆಯ ಕುಡಿಗಳಲ್ಲಿ ಅದೂ ಒಂದು. ಫೋರ್ಡ್ ಗ್ರಾಮೋದ್ಯೋಗದ ಮಾತಾಡಿದನೆಂದರೆ ಗಾಂಧೀಜಿಯ ನಾಡಿನಿಂದ ಬಂದ ನಮಗೆ ಸೋಜಿಗವೆನಿಸದಿರದು.

ಹೆಸರಿಗೆ ಮಾರುಹೋದವರು

ಟ್ರ್ಯಾಕ್ಟರಿನ ಆಯ್ಕೆಯಲ್ಲಿ ಮೋಸವೂ ಹಳೆಯದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಮಿನಿಯಾಪೊಲಿಸ್ ನಗರದ ಕಂಪನಿಯೊಂದು ಫೋರ್ಡ್ ಎಂಬ ಉಪನಾಮವಿದ್ದ ಒಬ್ಬ ವ್ಯಕ್ತಿಯ ಹೆಸರನ್ನು ಬಳಸಿಕೊಂಡು ‘ಫೋರ್ಡ್ ಟ್ರ್ಯಾಕ್ಟರ್’ ಎಂದು ಮಾರತೊಡಗಿತು. ಹೆನ್ರಿ ಫೋರ್ಡ್‌ಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನೆಬ್ರಾಸ್ಕಾ ರಾಜ್ಯದ ವಿಲ್ಮಟ್ ಕ್ರೋಜಿಯರ್ ಎಂಬ ರೈತ ಅದನ್ನು ಕೊಂಡು ಪಡಬಾರದ ಪಾಡು ಪಟ್ಟನು. ಶಾಸನಸಭೆಗೆ ಆಯ್ಕೆಯಾದ ಮೇಲೆ ಅವನು ಮಾಡಿದ ಕೆಲಸವೆಂದರೆ, ತನ್ನ ರಾಜ್ಯದಲ್ಲಿ ಮಾರುವ ಟ್ರ್ಯಾಕ್ಟರಿನ ಮಾದರಿಯನ್ನು ವಿಶ್ವವಿದ್ಯಾಲಯ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಬೇಕೆಂಬ ಕಾನೂನಿಗೆ ಶ್ರಮಿಸಿದ್ದು. 1919ರಲ್ಲಿ ಕಾನೂನಾಯಿತು, 1920ರಲ್ಲಿ ಲಿಂಕನ್ ನಗರದಲ್ಲಿ ಪರೀಕ್ಷೆಗಳು ಮೊದಲಾದವು. ಜಾಹೀರಾತಿನ ಅಶ್ವಶಕ್ತಿ ಬೇರೆ, ಪಿ.ಟಿ.ಓ. ತುದಿಯಲ್ಲಿ ನಿಜವಾಗಿ ದೊರೆಯುವ ಅಶ್ವಶಕ್ತಿ ಬೇರೆ ಎಂಬುದನ್ನು ರೈತ ಅಂಕಿಗಳಲ್ಲಿ ಕಾಣುವಂತಾಯಿತು. ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು ಇಂದಿಗೂ ಈ ವರದಿಗಳನ್ನು ತೆಗೆದು ನೋಡುತ್ತಾರೆ. ಭಾರತದಲ್ಲಿಯೂ ಮಧ್ಯಪ್ರದೇಶದ ಬುದ್ನಿಯಲ್ಲಿ ಇಂಥ ಪರೀಕ್ಷಾ ಕೇಂದ್ರವಿದೆ. ಕನ್ನಡಿಗರು ನೆಲೆಸಿರುವ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ.

ಗಂಟು ಹಾಕುವ ಕಬ್ಬಿಣದ ಬೆರಳು

ಹುಲ್ಲನ್ನು ಕುಯ್ಯುವುದು ಯಂತ್ರಕ್ಕೆ ಬೇಗ ಒಲಿಯಿತು, ಕಟ್ಟುವುದು ಒಲಿಯಲಿಲ್ಲ. ಸಿವುಡು ಕಟ್ಟುವ ಹೆಣ್ಣಾಳು ಹುರಿಯನ್ನು ಸುತ್ತಿ, ತಿರುವಿ, ಸಿಕ್ಕಿಸುವ ಕ್ಷಣಮಾತ್ರದ ಕೈಚಳಕವನ್ನು ಕಬ್ಬಿಣಕ್ಕೆ ಕಲಿಸುವುದು ಹೇಗೆ? ವಿಸ್ಕಾನ್ಸಿನ್ ರಾಜ್ಯದ ಜಾನ್ ಆಪಲ್‌ಬಿ ಹುಡುಗನಾಗಿದ್ದಾಗ, 1858ರಲ್ಲಿ, ಗಂಟು ಹಾಕುವ ಸಲಕರಣೆಯ ಮರದ ಮಾದರಿಯೊಂದನ್ನು ಕೆತ್ತಿದ್ದನು. ಅದು ಕೆಲಸಕ್ಕೆ ಬರುವ ಯಂತ್ರವಾಗಲು ಇಪ್ಪತ್ತು ವರ್ಷ ಹಿಡಿಯಿತು. ಷಿಕಾಗೊದ ವಿಲಿಯಂ ಡೀರಿಂಗ್ 1880ರ ಕುಯ್ಲಿಗೆ ಅದನ್ನು ಅಳವಡಿಸಿದ ಮೂರು ಸಾವಿರ ಯಂತ್ರಗಳನ್ನು ಮಾರುಕಟ್ಟೆಗೆ ತಂದನು. ಇಂದು ಚೌಕ ಪೆಂಡಿ ಕಟ್ಟುವ ಬೇಲರುಗಳಲ್ಲಿ ಹುರಿಗೆ ಗಂಟು ಹಾಕುವ ಭಾಗ ಆ ಮರದ ಮಾದರಿಯ ವಂಶಕ್ಕೆ ಸೇರಿದ್ದು.

ಆದರೆ ಹುಲ್ಲಿನ ಪೆಂಡಿಗೆ ಆ ಗಂಟು ಬಂದು ಸೇರಿದ್ದು ಬಹಳ ತಡವಾಗಿ. 1930ರ ದಶಕದ ಬೇಲರುಗಳಲ್ಲಿ ಯಂತ್ರದ ಎರಡು ಪಕ್ಕದಲ್ಲಿ ಆಳುಗಳು ಕುಳಿತು, ಧೂಳು ಕುಡಿಯುತ್ತ, ತಂತಿಯನ್ನು ಕೈಯಿಂದಲೇ ಕಟ್ಟಬೇಕಾಗಿತ್ತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯ ಎಡ್ ನೋಲ್ಟ್ ಎಂಬ ಮೆನೊನೈಟ್ ರೈತ, ಸಾಲಿನಲ್ಲಿ ಬಿದ್ದ ಹುಲ್ಲನ್ನು ತಾನೇ ಎತ್ತಿ, ಒತ್ತಿ, ಹುರಿಯಿಂದ ತಾನೇ ಕಟ್ಟುವ ಯಂತ್ರವನ್ನು ರೂಪಿಸಿದನು. 1940ರಲ್ಲಿ ನ್ಯೂ ಹಾಲೆಂಡ್ ಕಂಪನಿ ಅದನ್ನು ತಯಾರಿಸತೊಡಗಿತು. ನಾಲ್ಕಾರು ಆಳುಗಳ ಕೆಲಸ ಒಬ್ಬನಿಗೆ ಇಳಿಯಿತು. ಯುದ್ಧದಿಂದಾಗಿ ಹಳ್ಳಿಗಳಲ್ಲಿ ಆಳು ಸಿಗದಿದ್ದ ಕಾಲವದು.

ದುಂಡು ಸುರುಳಿಯ ಕಥೆ ಬೇರೆ. ಆಲಿಸ್-ಚಾಮರ್ಸ್ ಕಂಪನಿ 1947ರಲ್ಲಿ ಚಿಕ್ಕ ಸುರುಳಿಗಳ ಬೇಲರನ್ನು ತಂದಿತು. ಅಯೋವಾದ ಪೆಲ್ಲ ಎಂಬ ಊರಿನ ಗ್ಯಾರಿ ವರ್ಮೀರ್ 1970ರ ದಶಕದ ಆರಂಭದಲ್ಲಿ ಆಳೆತ್ತರದ ದೊಡ್ಡ ಸುರುಳಿಯ ಬೇಲರನ್ನು ಹೊರತಂದನು. ಪೆಂಡಿ ಹೊರುವ ಕೈಗಳಿಲ್ಲದ ಮನೆಗೆ ಅದು ವರವಾಯಿತು. ಆದರೆ ಆ ಸುರುಳಿಯನ್ನು ಮನುಷ್ಯ ಎತ್ತಲಾರ. ಎತ್ತಲು ಇನ್ನೂ ದೊಡ್ಡ ಟ್ರ್ಯಾಕ್ಟರು ಬೇಕು. ಒಂದು ಅನುಕೂಲ ಇನ್ನೊಂದು ಖರ್ಚನ್ನು ಕೈಹಿಡಿದೇ ತಂದಿತು.

ಬೇಲರು ಮೊದಲು, ಟ್ರ್ಯಾಕ್ಟರು ಆಮೇಲೆ

ಈ ಚರಿತ್ರೆಯ ಬೆಳಕಿನಲ್ಲಿ ಸಣ್ಣ ಹುಲ್ಲಿನ ಹೊಲದ ಲೆಕ್ಕವನ್ನು ನೋಡೋಣ. ಕ್ಯಾಂಟನ್ನಿನ ಪಶ್ಚಿಮಕ್ಕೆ, ವಾಷ್ಟೆನಾ ಕೌಂಟಿಯ ಕಡೆಗೆ ಹೋದರೆ ಇಂದಿಗೂ ಹತ್ತು, ಇಪ್ಪತ್ತು ಎಕರೆಯ ಹುಲ್ಲಿನ ಹೊಲಗಳು ಕಾಣಸಿಗುತ್ತವೆ. ನಮ್ಮಲ್ಲಿ ಕುದುರೆ ಮಸಾಲೆ ಸೊಪ್ಪು ಎಂದು ಕರೆಯುವ ಲೂಸರ್ನನ್ನು ಇಲ್ಲಿ ಟಿಮೊತಿ ಮೊದಲಾದ ಹುಲ್ಲುಗಳೊಡನೆ ಬೆಳೆಯುತ್ತಾರೆ. ಹತ್ತು ಎಕರೆಯ ಮೊದಲ ಕುಯ್ಲಿಗೆ ಎಕರೆಗೆ ಎರಡು ಟನ್ನಿನಂತೆ ಇಪ್ಪತ್ತು ಟನ್ ಒಣಹುಲ್ಲು ಬಂದಿತೆನ್ನೋಣ. ಅದು ನಲವತ್ತು ಸಾವಿರ ಪೌಂಡು. ಐವತ್ತು ಪೌಂಡಿನ ಚಿಕ್ಕ ಚೌಕ ಪೆಂಡಿಗಳಾದರೆ ಎಂಟುನೂರು. ಒಂದೊಂದನ್ನೂ ಹೊಲದಿಂದ ಬಂಡಿಗೆ, ಬಂಡಿಯಿಂದ ಅಟ್ಟಕ್ಕೆ, ಅಟ್ಟದಿಂದ ಗಿರಾಕಿಯ ಗಾಡಿಗೆ ಎತ್ತಬೇಕು. ಒಟ್ಟು ಎರಡು ಸಾವಿರದ ನಾಲ್ಕುನೂರು ಎತ್ತುಗಳು. ಎಂಟುನೂರು ಪೌಂಡಿನ ಸುರುಳಿಗಳಾದರೆ ಐವತ್ತೇ ಸಾಕು. ಆದರೆ ಅವನ್ನು ಮುಟ್ಟಲು ಮುಂಗೈ ಇರುವ ಭಾರವಾದ ಟ್ರ್ಯಾಕ್ಟರೇ ಬೇಕು.

ಆದ್ದರಿಂದ ಬಲ್ಲವರು ಟ್ರ್ಯಾಕ್ಟರಿನಿಂದ ಹೊರಟು ಹುಲ್ಲಿಗೆ ಬರುವುದಿಲ್ಲ. ಹುಲ್ಲಿನಿಂದ ಹೊರಟು ಟ್ರ್ಯಾಕ್ಟರಿಗೆ ಬರುತ್ತಾರೆ. ಮೊದಲನೆಯ ಪ್ರಶ್ನೆ: ಹುಲ್ಲನ್ನು ಕೊಳ್ಳುವವರು ಯಾರು? ಹವ್ಯಾಸಕ್ಕೆ ಕುದುರೆ ಸಾಕುವವರು ಚಿಕ್ಕ ಚೌಕ ಪೆಂಡಿಯನ್ನು ಮೆಚ್ಚುತ್ತಾರೆ. ಕೈಯಲ್ಲಿ ಹಿಡಿದು ಮಡಿಕೆ ಮಡಿಕೆಯಾಗಿ ಬಿಡಿಸಿ ಹಾಕಬಹುದು. ಫೋರ್ಡ್ ಓಡಿಸಿದ ಕುದುರೆಯೇ ಹವ್ಯಾಸವಾಗಿ ಮರಳಿ ಬಂದು ಸಣ್ಣ ರೈತನನ್ನು ಕಾಯುತ್ತಿದೆ! ದನದ ಮಂದೆ ಇರುವವರಿಗಾದರೆ ಸುರುಳಿ ಸಲೀಸು. ಎರಡನೆಯ ಪ್ರಶ್ನೆ: ಮಳೆಯಿಲ್ಲದ ಮೂರು ದಿನಗಳಲ್ಲಿ ಮನೆಯ ಕೈಗಳು ಎಷ್ಟು ಎಕರೆಯನ್ನು ಒಣಗಿಸಿ ಒಳಗೆ ತರಬಲ್ಲವು? ಅಷ್ಟನ್ನೇ ಒಮ್ಮೆಗೆ ಕುಯ್ಯಬೇಕು. ನೂರಕ್ಕೆ ಹದಿನೆಂಟು ಇಪ್ಪತ್ತಕ್ಕಿಂತ ಹೆಚ್ಚು ತೇವವಿರುವ ಹುಲ್ಲನ್ನು ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಇನ್ನೂ ಹಸಿಯಾದರೆ ಒಳಗೊಳಗೇ ಕಾವೇರಿ ಕೊಟ್ಟಿಗೆಗೇ ಬೆಂಕಿ ತಗಲುವುದುಂಟು. ಒತ್ತಾದ ಸುರುಳಿಗಾದರೆ ಹುಲ್ಲು ಇನ್ನೂ ಸ್ವಲ್ಪ ಹೆಚ್ಚು ಒಣಗಿರಬೇಕು.

ಮೂರನೆಯದು ಟ್ರ್ಯಾಕ್ಟರು. ಚಿಕ್ಕ ಚೌಕ ಬೇಲರಿಗೆ ಪಿ.ಟಿ.ಓ. ತುದಿಯಲ್ಲಿ ಮೂವತ್ತೈದು ನಲವತ್ತು ಅಶ್ವಶಕ್ತಿ ಸಾಕು. ನಾಲ್ಕಡಿ ಅಗಲ, ಐದಡಿ ಎತ್ತರದ ಸುರುಳಿಗೆ ಅರವತ್ತರ ಆಸುಪಾಸು ಬೇಕು. ಆದರೆ ಅಶ್ವಶಕ್ತಿ ಒಂದೇ ಸಾಲದು. ಫೋರ್ಡ್ ‘ಎನ್’ ಸರಣಿಯ ಟ್ರ್ಯಾಕ್ಟರುಗಳಲ್ಲಿ ಪಿ.ಟಿ.ಓ. ಗೇರುಪೆಟ್ಟಿಗೆಗೆ ಅಂಟಿಕೊಂಡಿತ್ತು, ಕ್ಲಚ್ ಒತ್ತಿದರೆ ಗಾಲಿಯೊಡನೆ ಬೇಲರೂ ನಿಲ್ಲುತ್ತಿತ್ತು. ಹುಲ್ಲಿನ ಸಾಲು ದಪ್ಪವಾದ ಕಡೆ ನಿಂತು ಯಂತ್ರಕ್ಕೆ ಅಗಿಯಲು ಸಮಯ ಕೊಡುವಂತಿರಲಿಲ್ಲ. ಇನ್ನೂ ಅಪಾಯದ ಸಂಗತಿಯೆಂದರೆ, ಬೇಲರಿನ ಭಾರೀ ತಿರುಗುಚಕ್ರದ ವೇಗವೇ ಹಿಂದಿನಿಂದ ಟ್ರ್ಯಾಕ್ಟರನ್ನು ಮುಂದೂಡುತ್ತಿತ್ತು. ಆದ್ದರಿಂದಲೇ ಆ ಕಾಲದ ಅನೇಕ ಬೇಲರುಗಳ ಮೇಲೆ ಪ್ರತ್ಯೇಕ ಎಂಜಿನ್ ಇರುತ್ತಿತ್ತು. ಗಾಲಿ ನಿಂತರೂ ತಿರುಗುತ್ತಲೇ ಇರುವ ಸ್ವತಂತ್ರ ಪಿ.ಟಿ.ಓ. 1940ರ ದಶಕದ ಕೊನೆಯಲ್ಲಿ ಕೆನಡಾದ ಕಾಕ್‌ಷಟ್ ಟ್ರ್ಯಾಕ್ಟರಿನಿಂದ ಮೊದಲ್ಗೊಂಡು ಹರಡಿತು. ಹಳೆಯ ಟ್ರ್ಯಾಕ್ಟರಿನ ಅಂದಕ್ಕೆ ಮನಸೋತವರು ಇದನ್ನು ಮೊದಲು ವಿಚಾರಿಸಬೇಕು. 1947ರಲ್ಲಿ ಷಿಕಾಗೊ ಸಂಸ್ಥೆ ಅತಿಸಣ್ಣ ರೈತನಿಗೆಂದೇ ತಂದ ‘ಕಬ್’ ಎಂಬ ಪುಟ್ಟ ಟ್ರ್ಯಾಕ್ಟರು ಹುಲ್ಲು ಕುಯ್ಯಬಲ್ಲದು, ಸಾಲುಗೂಡಿಸಬಲ್ಲದು; ಬೇಲರನ್ನು ಎಳೆದು ತಿರುಗಿಸುವ ಕಸುವು ಅದಕ್ಕಿಲ್ಲ.

ನಾಲ್ಕನೆಯದು ಜೀವ. ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಕ್ಷಣಕ್ಕೆ ಒಂಬತ್ತು ಸುತ್ತು ತಿರುಗುತ್ತದೆ. ಅದರ ಹೊದಿಕೆ ಮುರಿದಿದ್ದರೆ ಅಂಗಿಯ ತೋಳೋ, ಪಂಚೆಯ ಚುಂಗೋ, ಸೀರೆಯ ಸೆರಗೋ ಸಿಕ್ಕಿದಾಗ ಕೂಗಲೂ ವ್ಯವಧಾನವಿರುವುದಿಲ್ಲ. ಮಗುಚಿದಾಗ ಕಾಯುವ ಚೌಕಟ್ಟು ಹಳೆಯ ಟ್ರ್ಯಾಕ್ಟರುಗಳಲ್ಲಿ ಇಲ್ಲ. ಇವೆರಡಕ್ಕೆ ಹಾಕುವ ಹಣವನ್ನು ಬೆಲೆಯಲ್ಲಿಯೇ ಸೇರಿಸಿ ಎಣಿಸುವುದು ವಿವೇಕ.

ಕೊನೆಯ ಪ್ರಶ್ನೆಯೇ ಮೊದಲನೆಯದೂ ಆಗಬಹುದು: ಕೊಳ್ಳಲೇಬೇಕೇ? ಹಿಂದೆ ಇಲ್ಲಿಯ ರೈತರು ಹತ್ತಾರು ಮನೆಯವರು ಸೇರಿ ಒಂದು ಒಕ್ಕಣೆ ಯಂತ್ರವನ್ನು ಮನೆಯಿಂದ ಮನೆಗೆ ಸರದಿಯಂತೆ ಸಾಗಿಸುತ್ತಿದ್ದರು. ಯಂತ್ರದೊಡನೆ ಎಲ್ಲ ಮನೆಗಳ ಆಳುಗಳೂ ಸಾಗುತ್ತಿದ್ದರು. ನಮ್ಮ ಮುಯ್ಯಾಳಿನ ಪದ್ಧತಿಯೂ ಇದೇ ತಾನೆ? ಹತ್ತು ಎಕರೆಯವನಿಗೆ ಕುಯ್ಯುವ ಯಂತ್ರವೂ ಸಾಲುಗೂಡಿಸುವ ರೇಕೂ ಸ್ವಂತದ್ದಾಗಿದ್ದು, ಬೇಲರನ್ನು ನೆರೆಯವನಿಂದ ಬಾಡಿಗೆಗೋ ಪಾಲಿಗೋ ಕರೆಸುವುದೇ ಎಷ್ಟೋ ಸಲ ಲಾಭಕರ. ಆದರೆ ಮೋಡ ಕವಿದ ದಿನ ಎಲ್ಲರಿಗೂ ಒಮ್ಮೆಗೇ ಬೇಲರು ಬೇಕಾಗುತ್ತದೆ ಎಂಬ ಮಾತೂ ಸುಳ್ಳಲ್ಲ.

ಕನ್ನಡ ನಾಡಿನ ಮೇವು, ಕನ್ನಡ ನಾಡಿನ ಯಂತ್ರ

ನಮ್ಮ ನಾಡಿಗೂ ಮೇವಿನ ದೊಡ್ಡ ಚರಿತ್ರೆಯಿದೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎನಿಸಿತು. ಅದರ ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆಯಾಗಿ ಮೀಸಲಿಟ್ಟು ದನಗಳನ್ನು ಹುಲ್ಲಿನ ಬಳಿಗೇ ಒಯ್ಯುತ್ತಿದ್ದರು. ಇಲ್ಲಿ ಹುಲ್ಲನ್ನು ದನದ ಬಳಿಗೆ ತರಬೇಕಾದ್ದರಿಂದ ಬೇಲರು ಬೇಕಾಯಿತು. ಇನ್ನು ಬಣವೆ ಒಟ್ಟುವ ಕಲೆ: ಮಳೆನೀರು ಒಳಗಿಳಿಯದೆ ಜಾರಿಹೋಗುವಂತೆ ನೆತ್ತಿಯನ್ನು ಕಟ್ಟುವ ಹಿರಿಯರ ಜಾಣ್ಮೆಯನ್ನು ಸುರುಳಿಯ ಯಂತ್ರ ಪೂರ್ತಿ ಕಲಿತಿಲ್ಲ. ಐದಡಿ ಎತ್ತರದ ಸುರುಳಿಯನ್ನು ಬಯಲಲ್ಲಿ ಬಿಟ್ಟು ಸುತ್ತಲೂ ಆರೇ ಅಂಗುಲ ಕೊಳೆತರೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹುಲ್ಲು ನಷ್ಟವೆಂದು ಲೆಕ್ಕ ಹೇಳುತ್ತದೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ಮಣ್ಣಿಗೆ ವಿಷವೆಂದು ನಂಬಿದ್ದ ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲವೆಂದು ಹೇಳುತ್ತಾರೆ. ನೂರು ವರ್ಷ ಮೊದಲು ಅಮೆರಿಕದ ರೈತರೂ ಎರಕದ ಕಬ್ಬಿಣದ ನೇಗಿಲನ್ನು ಇದೇ ಕಾರಣಕ್ಕೆ ದೂರವಿಟ್ಟಿದ್ದರಂತೆ. ಹೊಸ ಯಂತ್ರದ ಮುಂದೆ ರೈತನ ಅನುಮಾನಕ್ಕೆ ದೇಶಭೇದವಿಲ್ಲ.

ಷಿಕಾಗೊ ಮತ್ತು ಡೆಟ್ರಾಯಿಟ್‌ಗಳ ಟ್ರ್ಯಾಕ್ಟರುಗಳು ನಮ್ಮೂರಿಗೆ ತಲುಪಿದ ದಾರಿಯೂ ಸ್ವಾರಸ್ಯಕರ. ಫೋರ್ಡ್‌ನಿಂದ ಬೇರೆಯಾದ ಫರ್ಗುಸನ್ 1948ರಲ್ಲಿ ಡೆಟ್ರಾಯಿಟ್ ನಗರದಲ್ಲಿಯೇ ತನ್ನ ಕಾರ್ಖಾನೆ ತೆರೆದನು. 1953ರಲ್ಲಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಅವನ ಸಂಸ್ಥೆ ಸೇರಿತು. ಆ ವಂಶದ ಮ್ಯಾಸಿ ಫರ್ಗುಸನ್ 1960ರಲ್ಲಿ ಮದರಾಸಿನ ಟ್ಯಾಫೆ ಮೂಲಕ ನಮ್ಮ ಗದ್ದೆಗಳಿಗೆ ಬಂತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1963ರಲ್ಲಿ ಮಹೀಂದ್ರ ಸಂಸ್ಥೆಯೊಡನೆ ಕೈಗೂಡಿಸಿತು. ಫೋರ್ಡ್ ಟ್ರ್ಯಾಕ್ಟರು 1971ರಲ್ಲಿ ಎಸ್ಕಾರ್ಟ್ಸ್ ಜೊತೆ ಬಂತು. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಮಾತ್ರ 1967ರಲ್ಲಿ ಜಪಾನಿನ ಮಿತ್ಸುಬಿಷಿಯತ್ತ ಮುಖ ಮಾಡಿ ಪವರ್ ಟಿಲ್ಲರನ್ನು ತಯಾರಿಸಿತು. ಸಣ್ಣ ಗದ್ದೆಯ ಜಪಾನೇ ಸಣ್ಣ ಗದ್ದೆಯ ಕನ್ನಡ ನಾಡಿಗೆ ಹತ್ತಿರವೆಂಬುದು ಆ ಆಯ್ಕೆಯ ತಿರುಳು.

ಇತ್ತ ಅಮೆರಿಕದಲ್ಲಿ 1985ರ ಹೊತ್ತಿಗೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಕೃಷಿ ವಿಭಾಗ ಕೇಸ್ ಸಂಸ್ಥೆಯ ಪಾಲಾಯಿತು. ಫೋರ್ಡ್ 1986ರಲ್ಲಿ ಬೇಲರಿನ ನ್ಯೂ ಹಾಲೆಂಡನ್ನು ಕೊಂಡು, 1991ರಲ್ಲಿ ಟ್ರ್ಯಾಕ್ಟರು ಬೇಲರು ಎರಡನ್ನೂ ಇಟಲಿಯ ಫಿಯಟ್‌ಗೆ ಮಾರತೊಡಗಿತು. 1999ರಲ್ಲಿ ಕೇಸ್ ಮತ್ತು ನ್ಯೂ ಹಾಲೆಂಡ್ ಒಂದಾದವು. ಬೆಲೆಯ ಯುದ್ಧ ಮಾಡಿದ ಷಿಕಾಗೊ ಕುಲವೂ ಡಿಯರ್‌ಬಾರ್ನ್ ಕುಲವೂ ಕೊನೆಗೆ ಒಂದೇ ಸೂರಿನಡಿ ಸೇರಿದವು. ಬಣ್ಣಕ್ಕಾಗಿ, ಹೆಸರಿಗಾಗಿ ಜಗಳವಾಡಿದ ರೈತರೆಷ್ಟೋ!

ಇಂದು ತುಂಗಭದ್ರೆಯ, ಭದ್ರೆಯ, ಕಾವೇರಿಯ ನಾಲೆಯ ಬಯಲುಗಳಲ್ಲಿ ಭತ್ತ ಕೊಯ್ಯುವ ದೊಡ್ಡ ಯಂತ್ರಗಳು ಬಂದ ಮೇಲೆ ಹುಲ್ಲು ಗದ್ದೆಯಲ್ಲಿಯೇ ಚೆಲ್ಲಿ ಬೀಳುತ್ತದೆ. ಅದನ್ನು ಹೊರೆ ಕಟ್ಟುವ ಆಳುಗಳಿಲ್ಲ. ಟ್ರ್ಯಾಕ್ಟರಿನ ಹಿಂದೆ ಚಿಕ್ಕ ಬೇಲರುಗಳು ಓಡಾಡತೊಡಗಿವೆ. ಮಿಷಿಗನ್ನಿನ ರೈತ 1940ರ ದಶಕದಲ್ಲಿ ಕೇಳಿಕೊಂಡ ಪ್ರಶ್ನೆಗಳನ್ನೇ ಗಂಗಾವತಿಯ, ಹರಿಹರದ, ಮಂಡ್ಯದ ರೈತ ಈಗ ಕೇಳಿಕೊಳ್ಳುತ್ತಿದ್ದಾನೆ. ಆದರೆ ಅವನ ಹಿಡುವಳಿ ಸರಾಸರಿ ಒಂದೂವರೆ ಹೆಕ್ಟೇರನ್ನೂ ಮುಟ್ಟದು. ಬಾಡಿಗೆಗೆ ಯಂತ್ರ ಒದಗಿಸಲು ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ‘ಕೃಷಿ ಯಂತ್ರಧಾರೆ’ಯಂಥ ಯೋಜನೆಯ ಮಹತ್ವ ಇಲ್ಲಿದೆ. ಎರಡು ಎಕರೆಯವನ ಅಂಗಳದಲ್ಲಿ ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರು ನಿಂತಾಗ ಊರಿನಲ್ಲಿ ಗೌರವ ಹೆಚ್ಚೀತು. ಆದರೆ ಸಾಲದ ಕಂತು ಗೌರವವನ್ನು ನೋಡಿ ನಿಲ್ಲುವುದಿಲ್ಲ.

ಆದ್ದರಿಂದ ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ಒಂದು ಅರಿಕೆ. ಊರಿನಿಂದ ಟ್ರ್ಯಾಕ್ಟರಿಗೆಂದು ಕರೆ ಬಂದಾಗ ‘ಯಾವ ಕಂಪನಿಯದು, ಎಷ್ಟು ಬೆಲೆ’ ಎಂದು ಕೇಳುವ ಮೊದಲು, ‘ಹೊಲವೆಷ್ಟು, ಬೆಳೆ ಯಾವುದು, ಹುಲ್ಲನ್ನು ಯಾರು ಕೊಳ್ಳುತ್ತಾರೆ, ವರ್ಷಕ್ಕೆ ಎಷ್ಟು ದಿನ ಅದು ಓಡುತ್ತದೆ, ನೆರೆಯವರ ಹೊಲಕ್ಕೂ ಹೋದೀತೇ, ಕೆಟ್ಟರೆ ಬಿಡಿಭಾಗ ಯಾವ ಊರಿನಲ್ಲಿ ಸಿಗುತ್ತದೆ’ ಎಂದು ಕೇಳೋಣ. ಈ ಆರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಯಂತ್ರದ ಹೆಸರು ತಾನಾಗಿಯೇ ಹೊಳೆಯುತ್ತದೆ. ಮಿಷಿಗನ್ನಿನ ರೈತ ಮೂರು ದಿನದ ಬಿಸಿಲಿನಿಂದ ಇದನ್ನು ಕಲಿತನು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದ ನಮ್ಮ ಹಿರಿಯರು ಇದನ್ನು ಬಿಸಿಲಿಗೂ ಮೊದಲೇ ಬಲ್ಲವರಾಗಿದ್ದರು.